ಹನ್ನೆರಡು ತಬಕು, ಒಂದು ಮುಚ್ಚದ ಕಣ್ಣು

ಆಪರೇಷನ್ ಆದ ಮೂರನೆಯ ದಿನ ಬೀದರಿನ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಚಹಾ ಕುಡಿದೆ. ಅರ್ಧ ಹೊಟ್ಟೆಗೆ ಹೋಯಿತು. ಉಳಿದರ್ಧ ತುಟಿಯ ಬಲಮೂಲೆಯಿಂದ ಜಾರಿ ಅಂಗಿಯ ಮೇಲೆ ಬಿತ್ತು. ಹೆಂಡತಿ ಸೆರಗಿನಿಂದ ಒರೆಸಿದಳು, ಏನೂ ಅನ್ನಲಿಲ್ಲ. ಎಲ್ಲದಕ್ಕೂ ಒಂದು ಮಾತು ಆಡುವವಳು ಸುಮ್ಮನಿದ್ದದ್ದು ನೋಡಿ ನನಗೆ ಹೆದರಿಕೆಯಾಯಿತು. ಕನ್ನಡಿ ಕೇಳಿದೆ.

"ದವಾಖಾನ್ಯಾಗ ಎಲ್ಲೀದ್ರಿ ಕನ್ನಡಿ. ಸುಮ್ನ ಮಲಕೋರಿ" ಅಂದಳು.

ಪಕ್ಕದ ಮಂಚದವನ ಸ್ಟೀಲ್ ಡಬ್ಬಿಯ ಮುಚ್ಚಳ ಎತ್ತಿಕೊಂಡು ನೋಡಿದೆ. ಮೆರುಗು ಕೊಟ್ಟ ಲೋಹದಲ್ಲಿ ಮುಖ ನೋಡಿಕೊಳ್ಳುವುದು ನಮ್ಮ ಕಸುಬಿನವರಿಗೆ ರೂಢಿ. ಎಡಗಡೆ ನಾನಿದ್ದೆ. ಬಲಗಡೆ ಯಾರೋ ಮೇಣ ಸುರಿದು ಹೋದಂತೆ ಎಲ್ಲವೂ ಕೆಳಗಿಳಿದಿತ್ತು. ಕಣ್ಣು ಮುಚ್ಚಿದೆ. ಎಡಗಣ್ಣು ಮುಚ್ಚಿತು. ಬಲಗಣ್ಣಿನ ಕಪ್ಪು ಗುಡ್ಡೆ ಮೇಲಕ್ಕೆ ತಿರುಗಿತು, ರೆಪ್ಪೆ ಮಾತ್ರ ಅರ್ಧದಲ್ಲೇ ನಿಂತಿತು.

ನಾನು ಬಿದರಿ ಕೆಲಸದವನು. ಸತುವಿನ ಪಾತ್ರೆಯ ಮೇಲೆ ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಪಾತ್ರೆಯನ್ನು ಕಪ್ಪು ಮಾಡುತ್ತೇವೆ. ಕಪ್ಪಿನ ಮೇಲೆ ಬೆಳ್ಳಿ ಬೆಳಗಬೇಕು. ಈ ಕೆಲಸಕ್ಕೆ ಕಣ್ಣು ಬೇಕೆಂದು ಎಲ್ಲರಿಗೂ ಗೊತ್ತು. ನಾಲಿಗೆಯೂ ಬೇಕೆಂದು ಹೊರಗಿನವರಿಗೆ ಗೊತ್ತಿಲ್ಲ. ಆ ವರ್ಷ ನನಗೆ ಎರಡೂ ಕೈಕೊಟ್ಟವು. ಕಣ್ಣಿನದನ್ನು ಎಲ್ಲರಿಗೂ ತೋರಿಸಿದೆ, ನಾಲಿಗೆಯದನ್ನು ಮುಚ್ಚಿಟ್ಟೆ. ಆ ಮುಚ್ಚಿಟ್ಟದ್ದರ ಕಥೆಯನ್ನು ಈಗ ಬರೆಯುತ್ತಿದ್ದೇನೆ. ಮೆಟ್ರಿಕ್‌ವರೆಗೆ ಕಲಿತ ಕನ್ನಡ ಇಷ್ಟಕ್ಕಾದರೂ ಉಪಯೋಗವಾಗಲಿ.

ನನ್ನ ಬಲಗಿವಿ ಬಹಳ ವರ್ಷಗಳಿಂದ ಸೋರುತ್ತಿತ್ತು. ನಾನೇ ಹತ್ತಿ ತುರುಕಿಕೊಂಡು ದಿನ ದೂಡಿದ್ದೆ. ಕಿವಿಯ ಹಿಂದಿನ ಎಲುಬನ್ನು ರೋಗ ತಿಂದುಬಿಟ್ಟಿತ್ತು, ಆಪರೇಷನ್ ಆದದ್ದು ಅದಕ್ಕೇ. ಮುಖವನ್ನು ಆಡಿಸುವ ನರ ಅದೇ ಎಲುಬಿನೊಳಗಿಂದ ಹಾದುಹೋಗುತ್ತದೆ ಎಂದು ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. "ನರ ಕಡಿದಿಲ್ಲ, ಬಾತುಕೊಂಡಿದೆ. ತಿಂಗಳುಗಳು ಹಿಡಿಯಬಹುದು, ಪೂರ್ತಿ ಬರದೆಯೂ ಇರಬಹುದು. ಮುಖ ಕಾಯುತ್ತದೆ. ಕಣ್ಣು ಕಾಯುವುದಿಲ್ಲ" ಎಂದರು.

ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಿದವಳು ವಾರ್ಡಿನ ನರ್ಸ್. ಔರಾದ ಕಡೆಯವಳು, ಮಾತು ಬಿರುಸು.

"ರೆಪ್ಪಿ ಅಂದ್ರ ಏನ್ ತಿಳ್ಕೊಂಡೀರಿ? ಒರಸೋ ಅರಬಿ. ಅದು ಆಡ್ಲಿಲ್ಲಂದ್ರ ಕಣ್ಣ ಒಣಗ್ತದ. ಒಣಗಿದ ಕಣ್ಣಿಗಿ ಒಂದ ಕಣ ಧೂಳ ಬಿದ್ರ ಕೆರದು ಹುಣ್ಣ ಆಗ್ತದ. ಹುಣ್ಣ ಆದ್ರ ನಿಮ್ಮ ಬೆಳ್ಳಿ ಕೆಲಸ ಬಿಟ್ಟು ಬ್ಯಾರೆ ಕೆಲಸ ನೋಡ್ಕೋರಿ."

ಹಗಲಿಡೀ ತಾಸಿಗೊಮ್ಮೆ ಕಣ್ಣಿನ ಹನಿ. ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ ಆ ಚೀಲದೊಳಗೆ ಒಂದೇ ಹನಿ, ಗುಡ್ಡೆಯ ಮೇಲಲ್ಲ. ಆಗಾಗ ಬೆರಳಿನ ಹಿಂಬದಿಯಿಂದ ಮೇಲ್ರೆಪ್ಪೆಯನ್ನು ಕೆಳಗಿಳಿಸಿ ಹತ್ತು ಎಣಿಸುವತನಕ ಹಿಡಿಯಬೇಕು. ಮಲಗುವ ಮುನ್ನ ಮುಲಾಮು. ಆಮೇಲೆ ಕೆಳಗೆ ನೋಡುತ್ತ ರೆಪ್ಪೆ ಇಳಿಸಿ, ಪೂರ್ತಿ ಮುಚ್ಚಿದೆಯೆಂದು ಕನ್ನಡಿಯಲ್ಲಿ ಖಾತ್ರಿ ಮಾಡಿಕೊಂಡು, ಅಂಟುಪಟ್ಟಿ ಹಚ್ಚಬೇಕು. ಪೂರ್ತಿ ಮುಚ್ಚದೆ ಮೇಲೆ ಹತ್ತಿ ಇಟ್ಟರೆ ಆ ಹತ್ತಿಯೇ ಕಣ್ಣನ್ನು ಉಜ್ಜುತ್ತದೆ. ನರ್ಸ್ ನನ್ನಿಂದ ಮೂರು ಸಲ ಮಾಡಿಸಿದಳು. ಮೊದಲನೆಯ ಸಲ ಹನಿ ಕೆನ್ನೆಯ ಮೇಲೆ ಬಿತ್ತು, ಎರಡನೆಯ ಸಲ ಮೂಗಿನ ಮೇಲೆ. "ಕೂದಲದಂಥ ತಂತಿ ಕೂಡಸ್ತೀರಂತ, ಒಂದ ಹನಿ ಕೂಡಸಾಕ ಬರಂಗಿಲ್ಲಾ?" ಎಂದು ನಕ್ಕಳು. ಮೂರನೆಯ ಸಲ ಸರಿಯಾಗಿ ಕೂತಿತು.

ಊರಂಚಿನ ಮೈಲೂರಿನ ನಮ್ಮ ಮನೆಗೆ ಬಂದ ದಿನ ಹೆಂಡತಿ ಬೆಲ್ಲದ ಹುಗ್ಗಿ ಮಾಡಿದ್ದಳು. ಬಾಯಿಗಿಟ್ಟರೆ ತಾಮ್ರದ ಬಿಲ್ಲೆ ಚೀಪಿದಂತಿತ್ತು. ಔಷಧದ ಗುಣ ಇರಬೇಕು ಅಂದುಕೊಂಡೆ. ವಾರ ಕಳೆಯಿತು, ಹದಿನೈದು ದಿನ ಕಳೆಯಿತು, ಔಷಧವೂ ಮುಗಿಯಿತು. ತಾಮ್ರ ಹೋಗಲಿಲ್ಲ. ಉಪ್ಪು ತಾಮ್ರ, ಹುಣಸೆ ತಾಮ್ರ, ನೀರೂ ತಾಮ್ರ. ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಪಾತ್ರೆಯನ್ನು ಕಪ್ಪು ಮಾಡುವುದು ಬೀದರ ಕೋಟೆಯ ಹಳೆಯ ಮಣ್ಣು. ನೂರಾರು ವರ್ಷ ಬಿಸಿಲು ಮಳೆ ಮುಟ್ಟದ ಗೋಡೆಯ ಬುಡದ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ನೀರಿನಲ್ಲಿ ಕುದಿಸಿ ಪಾತ್ರೆಗೆ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಆದರೆ ಎಲ್ಲ ಮೂಲೆಯ ಮಣ್ಣೂ ನಡೆಯುವುದಿಲ್ಲ. ಅದನ್ನು ಆರಿಸುವುದು ನಾಲಿಗೆಯಿಂದ. ಕಾರ್ಖಾನೆಯ ಹಿರಿಯ ಉಸ್ತಾದ ಬೆಳಿಗ್ಗೆ ಚಹಾ ಸಹ ಕುಡಿಯದೆ ಕೋಟೆಗೆ ಹೋಗಿ, ಚಿಟಿಕೆ ಮಣ್ಣನ್ನು ಬಲಗೈಯಲ್ಲಿ ಎತ್ತಿ ನಾಲಿಗೆಯ ಬಲ ಅಂಚಿಗೆ ಇಡುತ್ತಾನೆ. ನಮ್ಮ ಅಜ್ಜನೂ ಅಪ್ಪನೂ ಹಾಗೇ ಮಾಡುತ್ತಿದ್ದರು. ಒಳ್ಳೆಯ ಮಣ್ಣು ಮೊದಲು ಚುರ್ರೆನ್ನುತ್ತದೆ, ಆಮೇಲೆ ಸಣ್ಣಗೆ ತಂಪಾಗುತ್ತದೆ. ಉಸ್ತಾದ ಹೂಂ ಅಂದ ಮೇಲೆ ಅದನ್ನು ಮತ್ತೆ ಪರೀಕ್ಷಿಸುವುದಿಲ್ಲ. ಒಂದು ಪಾತ್ರೆಯ ಮೇಲೆ ಹಚ್ಚಿ ನೋಡೋಣ ಅಂದರೆ ಅದು ಉಸ್ತಾದನಿಗೆ ಅವಮಾನ. ನಮ್ಮ ಕಾರ್ಖಾನೆಯಲ್ಲಿ ಆ ನಾಲಿಗೆ ನನ್ನದು. ಅದಿಲ್ಲದಿದ್ದರೆ ನಾನು ಎಂಟು ಜನರಲ್ಲಿ ಒಬ್ಬ, ಅದೂ ಒಂದು ಕಣ್ಣು ಮುಚ್ಚಲಾಗದವನು.

ಕೆಲಸಕ್ಕೆ ಹೋದ ಮೊದಲ ದಿನ ಹೆಂಡತಿ ನನ್ನ ಕಪ್ಪು ಕನ್ನಡಕದ ಬದಿಗೆ ಮೆತ್ತನೆಯ ಬಟ್ಟೆಯ ಅಂಚು ಹೊಲಿದುಕೊಟ್ಟಿದ್ದಳು, ಧೂಳು ಒಳಗೆ ನುಗ್ಗಬಾರದೆಂದು. ಕೆತ್ತುವವರೆಲ್ಲ ಕೈ ನಿಲ್ಲಿಸಿ ನೋಡಿದರು. ಒಬ್ಬ ಹಳೆಯ ಜೊತೆಗಾರ, "ಉಸ್ತಾದ, ಸಿನಿಮಾದಾಗ ಹಾಕ್ಕೊಂಡ್ರೇನು?" ಅಂದ. ನಕ್ಕೆ. ನಗುವು ಎಡಗಡೆಗಷ್ಟೇ ಹೋಯಿತು. ಅಲ್ಲಿಂದ ನಗುವಾಗ ಬಾಯಿಗೆ ಕೈ ಅಡ್ಡ ಇಡುವ ಚಟ ಬಿತ್ತು.

ಆಗ ಎರಡು ವರ್ಷದಿಂದ ಮಳೆ ಇರಲಿಲ್ಲ. ಹಳ್ಳಿಗಳಿಂದ ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಹೋಗುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ಮೆರುಗು ತಿಕ್ಕುವುದಕ್ಕೂ ನೀರು ತರುವುದಕ್ಕೂ ಇದ್ದ ಹೆಣ್ಣುಮಗಳು ಸಂತಪುರದವಳು. ಗಂಡ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ, ಈಕೆ ಬೀದರಿನಲ್ಲಿ ಉಳಿದಿದ್ದಳು. ವಯಸ್ಸು ಮೂವತ್ತರ ಆಸುಪಾಸು. ಕಾರ್ಖಾನೆಯ ಬಾವಿ ಬತ್ತಿತ್ತು. ಟ್ಯಾಂಕರಿನ ಗಡಸು ನೀರಿನಲ್ಲಿ ಮಣ್ಣು ಕುದಿಸಿದರೆ ಕಪ್ಪು ಸರಿಯಾಗಿ ಹತ್ತುವುದಿಲ್ಲವೆಂದು ನಮ್ಮಲ್ಲಿ ನಂಬಿಕೆ. ಹೀಗಾಗಿ ಆಕೆ ದೂರದ ಒಂದು ಸಿಹಿನೀರಿನ ಬಾವಿಗೆ ಹೋಗಿ, ಸಾಲಿನಲ್ಲಿ ಎರಡೆರಡು ತಾಸು ನಿಂತು, ಕೊಡ ಹೊತ್ತು ತರುತ್ತಿದ್ದಳು.

ಹನಿಯ ಬಾಟಲಿ ನನ್ನ ಪಕ್ಕದಲ್ಲೇ ಇರುತ್ತಿತ್ತು. ಆದರೆ ತಂತಿ ಕೂರಿಸುತ್ತ ಕುಳಿತರೆ ತಾಸು ಹೋದದ್ದು ತಿಳಿಯುವುದಿಲ್ಲ. ರೆಪ್ಪೆ ಆಡದ ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಒಳಗೆ ಒಣಗಿರುತ್ತದೆ, ಅದೇ ಅದರ ಮೋಸ. ಎರಡನೆಯ ದಿನವೇ ಆಕೆ ಗಮನಿಸಿದಳು.

"ಕಾಕಾ, ಕಣ್ಣು."

"ಏನಾಗ್ಯಾದ?"

"ಆಗ್ಲತನಾ ಕಾಯ್ತೀರೇನು? ಹನಿ ಹಾಕ್ಕೋರಿ. ಬೆರಳಿಂದ ಮುಚ್ಚಿ ಹಿಡೀರಿ. ಒಂದ ಕಣ್ಣ ಮುಚ್ಚಿ ಒಂದ ತೆಗದು ನನ್ನ ಕಡಿ ಮಾತ್ರ ನೋಡ್ಬ್ಯಾಡ್ರಿ, ಮಂದಿ ಏನರ ತಿಳ್ಕೊಂಡಾರು."

ಉಳಿದ ಏಳೂ ಜನ ನಕ್ಕರು, ನಾನೂ ಕೈ ಅಡ್ಡ ಇಟ್ಟು ನಕ್ಕೆ. ಅಂದಿನಿಂದ ಕೊಡ ಇಳಿಸಿದಾಗೊಮ್ಮೆ, ಮೆರುಗು ತಿಕ್ಕುವ ಬೂದಿಯನ್ನು ಜರಡಿ ಹಿಡಿಯುವ ಮುಂಚೆ ಒಮ್ಮೆ, ಊಟಕ್ಕೆ ಏಳುವಾಗೊಮ್ಮೆ "ಕಾಕಾ, ಕಣ್ಣು" ಎಂಬ ಆ ಎರಡು ಮಾತು ಕೇಳುತ್ತಿತ್ತು. ಬೂದಿ ಜಾಡಿಸುವಾಗ ನನಗೆ ಬೆನ್ನು ತಿರುಗಿಸಿ ಕೂರಲು ಹೇಳುತ್ತಿದ್ದಳು. ಉಳಿದವರನ್ನು ಬೈದು ಅರದಿಂದ ಉಜ್ಜಿದ ಧೂಳು ನನ್ನ ಕಡೆ ಹಾರದಂತೆ ಜಾಗ ಬದಲಿಸಿದಳು. ಮನೆಯಲ್ಲಿ ಹೆಂಡತಿ, ಕಾರ್ಖಾನೆಯಲ್ಲಿ ಆಕೆ. ನನ್ನ ಕಣ್ಣನ್ನು ಕಾಯ್ದವರು ಅವರಿಬ್ಬರು.

ಆ ಬರದಲ್ಲೂ ಒಂದು ದೊಡ್ಡ ಕೆಲಸ ಬಂತು. ಭಾಲ್ಕಿಯ ಧಾನ್ಯದ ವ್ಯಾಪಾರಿಯೊಬ್ಬರು ಮಗಳ ಮದುವೆಗೆ ಹನ್ನೆರಡು ತಬಕು, ಅಂದರೆ ಅಗಲದ ತಟ್ಟೆ, ಬೇಕೆಂದರು, ಹನ್ನೆರಡಕ್ಕೂ ಒಂದೇ ಬಳ್ಳಿ. ನಾವು ಎಂಟು ಜನ ಐದು ವಾರ ಕೂತು ಕೆತ್ತಿ, ಬೆಳ್ಳಿ ಕೂರಿಸಿ, ತಿಕ್ಕಿ ನುಣುಪು ಮಾಡಿದೆವು. ಕೊನೆಗೆ ಉಳಿದದ್ದು ಕಪ್ಪು. ಕಾರ್ಖಾನೆಯ ಮಾಲಕರು ನನ್ನ ಭುಜ ತಟ್ಟಿ, "ನಾಳಿ ಮುಂಜಾನಿ ಮಣ್ಣ ತರ್ರಿ ಉಸ್ತಾದ" ಅಂದರು.

ಆಗ ಬಾಯಿ ತೆರೆಯಬೇಕಿತ್ತು. "ನನ್ನ ನಾಲಿಗೆ ಸರಿಯಿಲ್ಲ" ಅಂದರೆ ಮುಗಿಯುತ್ತಿತ್ತು. "ಆಗ್ಲಿರಿ" ಅಂದೆ.

ಬೆಳಿಗ್ಗೆ ಒಬ್ಬನೇ ಕೋಟೆಗೆ ಹೋದೆ. ಅಪ್ಪ ತೋರಿಸಿದ್ದ ಮೂಲೆಯ ಮೇಲ್ಛಾವಣಿ ಕುಸಿದು ಒಳಗೆಲ್ಲ ಬಿಸಿಲು ಬಿದ್ದಿತ್ತು. ಬೇರೆ ಜಾಗ ಹುಡುಕಬೇಕಾಯಿತು. ಒಂದು ಕಮಾನಿನ ಬುಡದಿಂದ ಚಿಟಿಕೆ ಎತ್ತಿ ನಾಲಿಗೆಯ ಬಲ ಅಂಚಿಗೆ ಇಟ್ಟೆ. ಚುರ್ರೆಂದಿತು. ಇನ್ನೊಂದು ಕಡೆಯದು ಇಟ್ಟೆ. ಅದೂ ಚುರ್ರೆಂದಿತು. ಮೂರನೆಯದೂ ಹಾಗೇ. ಮಣ್ಣಿಲ್ಲದೆ ಬರೀ ಬೆರಳು ಇಟ್ಟುಕೊಂಡರೂ ಅದೇ ತಾಮ್ರ, ಅದೇ ಚುರುಕು. ನನ್ನ ನಾಲಿಗೆ ಏನೂ ಹೇಳುತ್ತಿಲ್ಲವೆಂದು ಅಲ್ಲೇ, ಆ ಕಮಾನಿನ ಕೆಳಗೇ ನನಗೆ ತಿಳಿಯಿತು. ತಿಳಿದೂ ನೋಡಲು ಕಪ್ಪಗಿದ್ದ ಮಣ್ಣನ್ನು ಚೀಲಕ್ಕೆ ತುಂಬಿದೆ. ಕಾರ್ಖಾನೆಗೆ ಬಂದು ಹೂಂ ಅಂದೆ.

ಹನ್ನೆರಡೂ ತಬಕುಗಳನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ ತಿಕ್ಕಿದೆವು. ಬಿದರಿಯ ಕಪ್ಪು ಹತ್ತಿದರೆ ಒಂದು ಕ್ಷಣದಲ್ಲಿ ಹತ್ತುತ್ತದೆ, ಆ ಕ್ಷಣಕ್ಕಾಗಿಯೇ ನಾವು ವಾರಗಟ್ಟಲೆ ಕೂರುವುದು. ಆ ದಿನ ಹತ್ತಲಿಲ್ಲ. ಬೂದಿ ಬಣ್ಣ ಬಂತು, ಅಲ್ಲಲ್ಲಿ ಕಲೆ ಕಲೆ. ಬೆಳ್ಳಿಯ ಬಳ್ಳಿ ಅದರ ಮೇಲೆ ಸತ್ತ ಹುಲ್ಲಿನಂತೆ ಕಂಡಿತು.

ಮಾಲಕರು ನನ್ನ ಕಡೆ ನೋಡಿದರು. "ಏನಾಯ್ತ್ರಿ ಇದು?"

ನನ್ನ ಕಣ್ಣು ಮೂಲೆಯ ಕೊಡದ ಮೇಲೆ ಬಿತ್ತು. "ನೀರ್ದು ಗಡಬಡ ಅದ" ಅಂದೆ. "ಇದು ಬಾವಿ ನೀರಲ್ಲ, ಟ್ಯಾಂಕರ್ ನೀರ."

ಆಕೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಎದ್ದು ನಿಂತಳು. "ಕಾಕಾ, ಪಾಳಿ ಹಚ್ಚಿ ನಿಂತು ತಂದೀನ್ರಿ. ಬೆಳ್ಳಬೆಳಗ್ಗೆ ಹೋಗೀನಿ. ಅಲ್ಲಿ ಮಂದೀಗಿ ಕೇಳ್ರಿ ಬೇಕಂದ್ರ."

"ಟ್ಯಾಂಕರ್ ಮನಿ ಮುಂದೇ ನಿಂದಿರ್ತದ. ದೂರ ಯಾರ್ ಹೋಗ್ತಾರ?" ಅಂದೆ. ನನ್ನ ಬಾಯಿಂದ ಆ ಮಾತು ಸಲೀಸಾಗಿ ಬಂತು.

ಆಕೆ ನನ್ನನ್ನೇ ನೋಡಿದಳು. "ಖರೇನೇ ಹಂಗ ಅನ್ನಿಸ್ತದೇನ್ರಿ ನಿಮಗ?" ಅಂದಳು. ನಾನು ಕನ್ನಡಕ ಸರಿ ಮಾಡಿಕೊಂಡೆ. ಮಾಲಕರು ಸಿಟ್ಟಿನಲ್ಲಿದ್ದರು. ನಾಳೆಯಿಂದ ಬರಬೇಡ ಅಂದರು. ಆಕೆ ಕೊಡವನ್ನು ಬೋರಲು ಹಾಕಿ, ತನ್ನ ಬುತ್ತಿಯ ಗಂಟು ತೆಗೆದುಕೊಂಡು ಹೋದಳು. ತವರುಮನೆಗೆ, ಭಾಲ್ಕಿ ಹತ್ತಿರದ ಹಲಬರ್ಗಾಕ್ಕೆ ಹೋದಳೆಂದು ಮರುದಿನ ಯಾರೋ ಹೇಳಿದರು.

ತಬಕುಗಳನ್ನು ಮತ್ತೆ ತಿಕ್ಕಿ ಬಿಳಿ ಮಾಡುವ ಕೆಲಸ ಹಿಡಿದೆವು. ತಿಕ್ಕಿದಷ್ಟೂ ಬೆಳ್ಳಿ ತೆಳ್ಳಗಾಗುತ್ತದೆ. ಹೀಗೆ ಒಮ್ಮೆ ಮಾಡಬಹುದು, ಎರಡನೆಯ ಸಲ ಬಳ್ಳಿಯೇ ಉಳಿಯುವುದಿಲ್ಲ. ಗಡಿಬಿಡಿಯಲ್ಲಿ ಧೂಳು, ಬೂದಿ, ನವಸಾಗರದ ಹೊಗೆ ಎಲ್ಲವೂ ಒಂದೇ ಕೋಣೆಯಲ್ಲಿ. "ಕಾಕಾ, ಕಣ್ಣು" ಅನ್ನುವವರು ಇರಲಿಲ್ಲ. ಹನಿಯ ಬಾಟಲಿ ಕೆಲವು ದಿನ ಸಂಜೆಯವರೆಗೂ ತುಂಬಿಯೇ ಇರುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಬೆನ್ನು ಹಾಕಿ ನಾನೇ ಪಟ್ಟಿ ಹಚ್ಚಿಕೊಳ್ಳತೊಡಗಿದೆ, ಕನ್ನಡಿ ನೋಡದೆ. ಕನ್ನಡಿಯಲ್ಲಿ ನನ್ನ ಮುಖ ನೋಡುವುದು ನನಗೆ ಬೇಕಿರಲಿಲ್ಲ.

ಎಂಟನೆಯ ದಿನ ಕಣ್ಣು ಕೆಂಪಾಯಿತು. ಹತ್ತನೆಯ ದಿನ ದೀಪದ ಸುತ್ತ ಹೊಗೆ ಕಂಡಿತು. ಉರಿ ಅಷ್ಟೇನೂ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಹೆಂಡತಿ ನನ್ನ ಮುಖ ಹಿಡಿದು ತಿರುಗಿಸಿ ನೋಡಿದವಳೇ, "ಚಪ್ಪಲಿ ಮೆಟ್ರಿ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು.

ಕಣ್ಣಿನ ಡಾಕ್ಟರು ಹಳದಿ ಔಷಧ ಹಾಕಿ ನೀಲಿ ಬೆಳಕು ಬಿಟ್ಟು ನೋಡಿದರು. ಕಪ್ಪು ಗುಡ್ಡೆಯ ಕೆಳಭಾಗದಲ್ಲಿ ಹುಣ್ಣಾಗಿತ್ತು. "ಇನ್ನೆರಡು ದಿನ ಬಿಟ್ಟಿದ್ದರೆ ಕೈ ಮೀರುತ್ತಿತ್ತು" ಎಂದರು. ರೆಪ್ಪೆಗಳ ಹೊರಮೂಲೆಯನ್ನು ಸೂಜಿಯಿಂದ ಕೂಡಿಸಿ ಹೊಲಿದರು. ಕಣ್ಣಿನ ಬಾಗಿಲು ಅರ್ಧ ಮುಚ್ಚಿದಂತಾಯಿತು, ಒಣಗುವುದು ಕಡಿಮೆಯಾಗಲೆಂದು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಇಷ್ಟು ದಿನ ಚೆನ್ನಾಗಿಯೇ ನೋಡಿಕೊಂಡಿದ್ದೀರಿ. ಹಗಲಿನಲ್ಲಿ ಯಾರಾದರೂ ನೆನಪಿಸುತ್ತಿದ್ದರಾ? ಈಗ ಅವರಿಲ್ಲವಾ?"

ಹೆಂಡತಿ ನನ್ನ ಮುಖ ನೋಡಿದಳು.

ಅಲ್ಲಿಂದ ಕಿವಿಯ ಡಾಕ್ಟರ ಹತ್ತಿರ ಹೋದೆ. ಮೊದಲ ಬಾರಿ ನಾಲಿಗೆಯ ಮಾತು ಹೇಳಿದೆ. ಅವರು ಉಪ್ಪಿನ ನೀರಿನಲ್ಲಿ ಕಡ್ಡಿ ಅದ್ದಿ ಬಲಗಡೆ ಮುಟ್ಟಿಸಿದರು, ತಾಮ್ರ. ಸಕ್ಕರೆಯ ನೀರು, ತಾಮ್ರ. ಎಡಗಡೆ ಉಪ್ಪು ಉಪ್ಪಾಗಿ, ಸಕ್ಕರೆ ಮಂದವಾಗಿ ಸಿಹಿಯಾಗಿ ತಿಳಿಯಿತು. ರುಚಿಯ ಸಣ್ಣ ನರವೊಂದು ಕಿವಿಯೊಳಗಿಂದಲೇ ಹಾದುಹೋಗುತ್ತದೆ, ರೋಗ ಅದನ್ನೂ ತಿಂದಿತ್ತು, ಆ ಕಡೆಯ ರುಚಿ ಮರಳಿ ಬರುವ ಭರವಸೆ ಇಲ್ಲ ಎಂದರು. "ಯಾಕೆ ಮೊದಲೇ ಹೇಳಲಿಲ್ಲ?" ಎಂದು ಕೇಳಿದರು. ಯಾರೂ ಕೇಳಲಿಲ್ಲ ಅನ್ನಬಹುದಿತ್ತು. "ಹೇಳಬಾರದಂತ ಹೇಳ್ಲಿಲ್ರಿ" ಅಂದೆ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. "ನಿಮ್ಮ ಕಣ್ಣಿಗಿ ಹೊಲಗಿ ಹಾಕ್ಯಾರ, ಬಾಯಿಗಿಲ್ಲ. ಹೋಗಿ ಹೇಳ್ರಿ" ಅಂದಳು.

ಮರುದಿನ ಮಾಲಕರ ಮುಂದೆ ನಿಂತು ಹೇಳಿದೆ. ನಾಲಿಗೆ ಸತ್ತದ್ದು ಗೊತ್ತಿದ್ದೂ ಮಣ್ಣು ತಂದೆ, ನೀರಿನ ಮಾತು ಸುಳ್ಳು, ಆಕೆಯ ತಪ್ಪು ಏನೂ ಇಲ್ಲ.

"ನಿಮ್ಮನ್ನ ನಂಬಿ ಆಕೀನ್ನ ಹೊರಗ ಹಾಕ್ದೆ ನಾನು."

"ಹೌದ್ರಿ."

"ಈಗ ಮಣ್ಣ ಯಾರ್ ಆರಸ್ತಾರ? ಲಗ್ನ ಎರಡ ವಾರಕ್ಕ ಬಂತು."

"ಗೊತ್ತಿಲ್ರಿ. ಮೊದಲ ಆಕೀನ್ನ ಕರಕೊಂಡು ಬರ್ತೇನಿ."

"ಹೋಗ್ರಿ" ಅಂದರು. "ಬರ್ತಾಳೋ ಇಲ್ಲೋ ನೋಡ್ರಿ. ನಾನಾದ್ರ ಬರ್ತಿರ್ಲಿಲ್ಲ."

ಹೊಲಿಗೆ ಹಾಕಿದ ಕಣ್ಣಿನ ಮೇಲೆ ತೂತಿನ ಪ್ಲಾಸ್ಟಿಕ್ ಮುಚ್ಚಳ, ಅದರ ಮೇಲೆ ಕನ್ನಡಕ, ಅದರ ಮೇಲೆ ಹೆಂಡತಿ ಕಟ್ಟಿದ ಟವೆಲ್. ಭಾಲ್ಕಿಯ ಬಸ್ಸಿನಲ್ಲಿ ಕಿಟಕಿಯಿಂದ ದೂರ ಕುಳಿತೆ. ಎದುರು ಬರುತ್ತಿದ್ದ ಬಸ್ಸುಗಳ ಮೇಲೆ ಹಾಸಿಗೆ, ಪಾತ್ರೆ, ಒಲೆಯ ಕಬ್ಬಿಣ ಕಟ್ಟಿಕೊಂಡು ಜನ ಹೊರಟಿದ್ದರು. ತಾಸಿಗೊಮ್ಮೆ ಹನಿ ಹಾಕಿಕೊಂಡೆ. ಬಸ್ಸಿನ ಕುಲುಕಾಟದಲ್ಲೂ ಹನಿ ತಪ್ಪಲಿಲ್ಲ.

ಹಲಬರ್ಗಾದ ಮನೆಯಲ್ಲಿ ಆಕೆ ಗಂಟು ಕಟ್ಟುತ್ತಿದ್ದಳು. ಎರಡು ದಿನಕ್ಕೆ ಗಂಡನ ಹತ್ತಿರ ಹೊರಡುವವಳಿದ್ದಳು. ಅಂಗಳದಲ್ಲಿ ತಾಯಿ ಕುಳಿತಿದ್ದಳು. ನನ್ನ ಟವೆಲು, ಕನ್ನಡಕ ನೋಡಿ ಮಗಳು ಮೊದಲು ಅಂದದ್ದು, "ಏನ್ ಮಾಡ್ಕೊಂಡ್ರಿ ಕಣ್ಣಿಗಿ?"

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಆಕೆ ಗಂಟಿನ ಹಗ್ಗ ಬಿಡಲಿಲ್ಲ.

"ಅಂದ್ರ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನಾ ದಿನಾ ಎರಡ ತಾಸ ಬಿಸಿಲಾಗ ನಿಂದಿರೂದೂ ಗೊತ್ತಿತ್ತು."

"ಗೊತ್ತಿತ್ತು ತಂಗಿ."

"ಕೆಲಸ ಹೋದ್ರ ಹೋಗ್ಲಿರಿ, ಎಲ್ಲ್ಯಾರ ದುಡೀತೇನಿ. ಆದ್ರ ಎಂಟ ಮಂದಿ ಮುಂದ ನಾ ಮೈಗಳ್ಳಿ ಆದೆ. ಅವರು ತಮ್ಮ ಮನ್ಯಾಗ ಹೇಳ್ಯಾರ. ನನ್ನ ಗಂಡನ ತನಾ ಆ ಮಾತ ಹೋಗ್ಯಾದ." ಹಗ್ಗವನ್ನು ಬಿಗಿಯಾಗಿ ಎಳೆದಳು. "ಇಲ್ಲಿ ಅಂಗಳದಾಗ ಹೇಳಿದ್ರ ಏನ್ ಬಂತು? ಅಲ್ಲಿ ಹೇಳ್ರಿ. ಅದೇ ಎಂಟ ಮಂದಿ ಮುಂದ, ಅದೇ ಕೊಡದ ಮಗ್ಗಲ ನಿಂತು."

"ಹೇಳ್ತೇನಿ."

ಪಕ್ಕದಲ್ಲಿ ಕುಳಿತಿದ್ದ ತಾಯಿ, "ಮುದುಕಗ ನೀರರ ಕೊಡು" ಅಂದಳು. ಆಕೆ ಚೊಂಬು ತಂದಳು. ಬಲಮೂಲೆಯಿಂದ ಸೋರದಂತೆ ಬೆರಳಿನಿಂದ ತುಟಿ ಹಿಡಿದು ಕುಡಿದೆ. ಕುಡಿಯುವತನಕ ನೋಡಿ, "ಇದು ಶಾಲಿ ಬಾವಿ ನೀರ. ಜರಾ ಉಪ್ಪ. ನಿಮಗೇನ್ ತಿಳೀತದ?" ಅಂದಳು. ಆ ಮಾತಿನಲ್ಲಿ ಒಂದಿಷ್ಟು ಕುಹಕ ಇತ್ತು. ಆದರೆ ನನ್ನ ತಲೆಯಲ್ಲಿ ಬೇರೇನೋ ಓಡಿತು.

"ನಿನಗ ಹ್ಯಾಂಗ ತಿಳೀತದ?"

"ಎರಡ ವರ್ಷದಿಂದ ಊರ ಊರ ನೀರ ಕುಡದೀನ್ರಿ ಕಾಕಾ. ಸಂತಪುರದ್ದ ಬೋರ್ ಬರೇ ಉಪ್ಪ. ಔರಾದ ಸ್ಟ್ಯಾಂಡಿಂದ ಕಹಿ. ಬೀದರ ಟ್ಯಾಂಕರಿಂದ ಮೊದಲ ಸಿಹಿ ಅನಿಸ್ತದ, ಆಮ್ಯಾಲ ಗಂಟಲಾಗ ಹಿಡೀತದ. ಬಾವಿ ನೀರಂತೂ ಕಣ್ಣ ಕಟ್ಟಿದ್ರೂ ಹೇಳ್ತೇನಿ. ನಾ ಏನ್ ತಂದೀನಿ ಅಂತ ನನಗ ಗೊತ್ತಿರಂಗಿಲ್ಲೇನು?"

ಮಣ್ಣಿನ ರುಚಿಯನ್ನು ಈಕೆಗೇ ಕಲಿಸಬೇಕೆಂದು ಅದೇ ಹೊತ್ತಿಗೆ ನಾನು ನಿರ್ಧಾರ ಮಾಡಿದೆ. ನಮ್ಮ ಮನೆತನದಲ್ಲಿ ಮಣ್ಣಿನ ರುಚಿ ಹೊರಗಿನವರಿಗೆ ಕಲಿಸುವುದಿಲ್ಲ, ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ಆ ನಿಯಮ ಹೇಳಿಕೊಟ್ಟವರು ಈಗ ಬದುಕಿರಲಿಲ್ಲ. ನನ್ನ ನಾಲಿಗೆಯಂತೂ ಅರ್ಧ ಹೋಗಿತ್ತು.

ನಾನು ಹೇಳುವುದನ್ನು ಕೇಳಲೆಂದೇ ಆಕೆ ಬೀದರಿಗೆ ಬಂದಳು. ಮರುದಿನ ಬೆಳಿಗ್ಗೆ ಕೊಡದ ಪಕ್ಕದಲ್ಲಿ ನಿಂತು, ಕನ್ನಡಕ ತೆಗೆದು, ಮಾಲಕರೂ ಸೇರಿ ಎಂಟು ಜನರಿಗೂ ಹೇಳಿದೆ. ನನ್ನ ಅರ್ಧ ಬಾಯಿಯಿಂದ ಪ, ಬ, ಮ ಸರಿಯಾಗಿ ಬರುತ್ತಿರಲಿಲ್ಲ. "ಪಾಳಿ" ಅನ್ನುವ ಮಾತನ್ನು ಎರಡು ಸಲ ಹೇಳಬೇಕಾಯಿತು. ನನ್ನನ್ನು ಸಿನಿಮಾದವ ಅಂದಿದ್ದ ಜೊತೆಗಾರ ತಲೆ ಬಗ್ಗಿಸಿದ. ಆಕೆ ಕೇಳಿಸಿಕೊಂಡಳು. ಬೋರಲಾಗಿದ್ದ ಕೊಡವನ್ನು ನೆಟ್ಟಗೆ ಮಾಡಿ ಕಂಕುಳಿಗೆ ಏರಿಸಿಕೊಂಡು ಬಾವಿಯ ಕಡೆ ಹೋದಳು.

ಅದರ ಮರುದಿನ ಇಬ್ಬರೂ ಚಹಾ ಕುಡಿಯದೆ ಕೋಟೆಗೆ ಹೋದೆವು. ಒಳ್ಳೆಯ ಮಣ್ಣು ಹೇಗಿರುತ್ತದೆಂದು ಮಾತಿನಲ್ಲಿ ಹೇಳಿದೆ, ಹಳೆಯ ಉಳಿಕೆ ಮಣ್ಣಿನ ಒಂದು ಚಿಟಿಕೆಯನ್ನು ಕೊಟ್ಟು ತೋರಿಸಿದೆ. ಆಕೆ ನಾಲಿಗೆಗಿಟ್ಟು ಮುಖ ಕಿವುಚಿ ಉಗುಳಿದಳು.

"ಏನ್ ಅನಿಸ್ತು?"

"ಗವಿಯೊಳಗಿನ ಝರಿ ನೀರ ಇದ್ದಂಗ. ಮೊದಲ ಕಚ್ತದ, ಆಮ್ಯಾಲ ತಂಪ."

ನನ್ನ ಕಮಾನಿನ ಮಣ್ಣನ್ನು ಮೊದಲು ಕೊಟ್ಟೆ, ಹೇಳದೆ. "ಇದು ಬರೇ ಮಣ್ಣ. ಇದನ್ನೇ ತಂದಿದ್ರೇನು?" ಅಂದಳು. ಹೌದೆಂದೆ. ಇನ್ನೂ ನಾಲ್ಕು ಮೂಲೆ ನೋಡಿ ಬೇಡವೆಂದಳು. ಪ್ರತಿ ಸಲವೂ ಬಾಯಿ ಮುಕ್ಕಳಿಸಿ, ಸ್ವಲ್ಪ ಕಾದು, ಮತ್ತೊಂದು. ಬಿಸಿಲು ಏರಿತು. ನಾನು ಹನಿ ಹಾಕಿಕೊಂಡೆ. ಹಳೆಯ ಕುದುರೆ ಲಾಯದಂಥ ಒಂದು ಕತ್ತಲೆಯ ಕೋಣೆಯ ಹಿಂಗೋಡೆಯಲ್ಲಿ ಆಕೆ ನಿಂತಳು. ನಾಲಿಗೆಗಿಟ್ಟು ಕಣ್ಣು ಮುಚ್ಚಿದಳು. "ಇದು ಕಾಕಾ" ಅಂದಳು. ನನ್ನ ನಾಲಿಗೆಯ ಎಡಭಾಗಕ್ಕೆ ಇಟ್ಟು ನೋಡಬಹುದಿತ್ತು. ಕೈ ಅರ್ಧ ಎದ್ದಿತು, ಇಳಿಸಿದೆ. ಉಸ್ತಾದರು ಹೂಂ ಅಂದ ಮೇಲೆ ಮತ್ತೆ ನೋಡುವುದಿಲ್ಲ ಎಂಬ ಪದ್ಧತಿ ನನಗೊಬ್ಬನಿಗೇ ಅಲ್ಲವಲ್ಲ.

ಆದರೂ ಕಾರ್ಖಾನೆಗೆ ಬಂದು ಆಕೆಯೇ ಒಂದು ಹೊಸ ರೂಢಿ ತಂದಳು. "ಮೊದಲ ಒಂದ ಸಣ್ಣ ತುಣಕಿಗಿ ಹಚ್ಚಿ ನೋಡ್ರಿ. ನನ್ನ ನಾಲಿಗಿ ಏನ್ ದೇವರೇನು?" ಸತುವಿನ ತುಣುಕಿಗೆ ಹಚ್ಚಿದೆವು. ಕಪ್ಪು ಹತ್ತಿತು. ಆಮೇಲೆ ಮೊದಲ ತಬಕು. ಕೆಂಡದ ಬಿಸಿಗೆ ಹಿಡಿದು, ಮಣ್ಣಿನ ಬಗ್ಗಡ ತಿಕ್ಕಿ, ಬಾವಿಯ ನೀರಿನಲ್ಲಿ ತೊಳೆದೆವು. ಒಂದು ಕ್ಷಣ ಬೂದಿ. ಮರುಕ್ಷಣ ಕಾಡಿಗೆಯಂಥ ಕಪ್ಪು, ಅದರ ಮೇಲೆ ಐದು ವಾರ ಕೂರಿಸಿದ ಬಳ್ಳಿ ಆಗತಾನೇ ಚಿಗುರಿದಂತೆ. ನಾನು ನಕ್ಕೆ. ಬಾಯಿಗೆ ಕೈ ಅಡ್ಡ ಇಡುವುದನ್ನು ಮರೆತಿದ್ದೆ. ಯಾರೂ ನನ್ನ ಬಾಯಿಯನ್ನು ನೋಡುತ್ತಿರಲಿಲ್ಲ, ಎಲ್ಲರೂ ತಬಕನ್ನೇ ನೋಡುತ್ತಿದ್ದರು. ಹನ್ನೆರಡೂ ಒಂದೇ ಕಪ್ಪು. ಬದುಕಿನಲ್ಲಿ ನೂರಾರು ಪಾತ್ರೆ ಕಪ್ಪು ಮಾಡಿದ್ದೇನೆ. ನಾನು ಆರಿಸದ ಮಣ್ಣಿನ ಆ ಹನ್ನೆರಡರಷ್ಟು ಹೆಮ್ಮೆ ಬೇರಾವುದರ ಮೇಲೂ ಇಲ್ಲ.

ಕಣ್ಣಿನ ಹೊಲಿಗೆ ಕೆಲವು ತಿಂಗಳ ಮೇಲೆ ಬಿಚ್ಚಿದರು. ಗುಡ್ಡೆಯ ಮೇಲೆ ಸಾಸಿವೆಯಷ್ಟು ಮಂಜು ಉಳಿದಿದೆ. ಮುಖ ಮುಕ್ಕಾಲು ಬಂತು. ಊಟ ಮಾಡುವಾಗ ಬಲಗಣ್ಣಿನಿಂದ ನೀರು ಬರುತ್ತದೆ, ಜೋರಾಗಿ ನಕ್ಕರೆ ಕಣ್ಣು ಸಣ್ಣದಾಗುತ್ತದೆ. ಮಲಗುವ ಮುನ್ನ ಇವತ್ತಿಗೂ ಮುಲಾಮು, ಕನ್ನಡಿ, ಪಟ್ಟಿ. ಕೆತ್ತುವ ಕೆಲಸವನ್ನು ಅದೇ ಕಣ್ಣಿನಿಂದ ಮುಂದೆ ಬಹಳ ವರ್ಷ ಮಾಡಿದೆ. ಆಕೆಯ ಗಂಡ ಮಳೆ ಬಂದ ವರ್ಷ ತಿರುಗಿ ಬಂದ. ಆಕೆ ಮಾತ್ರ ಕಾರ್ಖಾನೆ ಬಿಡಲಿಲ್ಲ. ಕೋಟೆಯ ಮಣ್ಣು ಬೇಕೆಂದರೆ ಈಗ ಬೇರೆ ಕಾರ್ಖಾನೆಯವರೂ ಆಕೆಯನ್ನು ಕೇಳುತ್ತಾರೆ. ಹೊಸದಾಗಿ ಕಲಿಯಲು ಬಂದವರಿಗೆ ಮಣ್ಣು ಕೊಡುವ ಮುಂಚೆ ನೀರಿನ ಕಥೆ ಹೇಳುತ್ತಾಳೆ. ನಾನು ಅಲ್ಲೇ ಇದ್ದರೆ, "ನೀವೇ ಹೇಳ್ರಿ ಕಾಕಾ" ಎಂದು ನನ್ನಿಂದಲೇ ಹೇಳಿಸುತ್ತಾಳೆ. ಹೇಳುತ್ತೇನೆ. ಏನನ್ನೂ ಬಿಡದೆ ಹೇಳಿದೆನೋ ಇಲ್ಲವೋ ಎಂದು ಕೇಳುತ್ತ ನಿಲ್ಲುತ್ತಾಳೆ.

ಭಾಲ್ಕಿಯ ವ್ಯಾಪಾರಿ ತಬಕು ಒಯ್ಯಲು ಬಂದ ದಿನ ನೆನಪಿದೆ. ಒಂದನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿನಿಂದ ಬಳ್ಳಿಯನ್ನು ಸವರಿದರು.

"ಏನ್ ಕಪ್ಪ್ರಿ ಇದು! ಮಣ್ಣ ಯಾರ್ ಆರಿಸ್ಯಾರ?"

ಮಾಲಕರು ನನ್ನ ಕಡೆ ನೋಡಿದರು. ಹಲವು ವರ್ಷ ಆ ಪ್ರಶ್ನೆಗೆ ನಾನು ಎದೆ ಮುಟ್ಟಿಕೊಂಡು ಉತ್ತರ ಕೊಟ್ಟವನು. ಮೂಲೆಯಲ್ಲಿ ಕೂತು ತಬಕಿಗೆ ಹಚ್ಚಿದ ಎಣ್ಣೆ ಒರೆಸುತ್ತಿದ್ದವಳ ಕಡೆ ಕೈ ತೋರಿಸಿದೆ.

"ಆಕಿ ಆರಿಸ್ಯಾಳ್ರಿ."

"ಹೆಣ್ಣಮಗಳಾ?" ಅಂದರು ಅವರು.

"ಹೌದ್ರಿ. ನೀರೂ ಆಕೀನೇ ತಂದಾಳ. ಬಾವಿ ನೀರ. ದಿನಾ ಪಾಳಿ ಹಚ್ಚಿ ನಿಂತು."

ಆಕೆ ತಲೆ ಎತ್ತಲಿಲ್ಲ. ಒರೆಸುತ್ತಿದ್ದ ತಬಕನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು.

"ಕಾಕಾ, ಕಣ್ಣು" ಅಂದಳು.

ಬೆರಳಿನ ಹಿಂಬದಿಯಿಂದ ರೆಪ್ಪೆ ಇಳಿಸಿ ಹತ್ತರವರೆಗೆ ಎಣಿಸಿದೆ.